ಸರಾಸರಿ ಅಂದ್ರೆ ಎಲ್ಲರಿಗೂ ಸಮ ಅಲ್ಲ



ನಾವೆಲ್ಲ ಓದಲು, ಬರೆಯಲು ಕಲಿತೆವು. ಕೂಡುವುದು, ಭಾಗಿಸುವುದೂ ಬಂತು. ಇವತ್ತು ಆ ಲೆಕ್ಕವನ್ನು ಬಳಸೋಣ. ಸರಾಸರಿ ಮಳೆ, ಸರಾಸರಿ ಇಳುವರಿ, ಸರಾಸರಿ ಆದಾಯ ಅಂತ ನಾವು ಕೇಳುತ್ತಲೇ ಇರುತ್ತೇವೆ. ಹಾಗಂದ್ರೆ ಏನು?

ಒಂದು ಕೇರಿಯಲ್ಲಿ 7 ಮನೆ ಇವೆ ಅಂತ ಇಟ್ಟುಕೊಳ್ಳೋಣ. ಅವರ ಜಮೀನು ಹೀಗಿದೆ:

1, 1, 1, 2, 3, 4, 30 ಎಕರೆ.

ಎಲ್ಲ ಕೂಡಿದರೆ 42. ಅದನ್ನು 7ರಿಂದ ಭಾಗಿಸಿದರೆ 6. ಇದೇ ಸರಾಸರಿ.

ಲೆಕ್ಕ ಸರಿ. ಆದರೆ 6 ಎಕರೆ ಇರುವ ಮನೆ ಯಾವುದು? ಒಂದೂ ಇಲ್ಲ! ಆರು ಮನೆಗೆ ಅದಕ್ಕಿಂತ ಕಡಿಮೆಯೇ. ಒಂದು ಮನೆಯ 30 ಎಕರೆ ಸರಾಸರಿಯನ್ನು ಮೇಲಕ್ಕೆ ಎಳೆದಿದೆ.

ಇದರಿಂದ ನಮಗೇನು ಅಂತೀರಾ? ಕೇಳಿ. ಸರಕಾರದ ಲೆಕ್ಕದಲ್ಲಿ 1 ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆವರೆಗೆ ಇದ್ದವರು ಅತಿ ಸಣ್ಣ ರೈತರು. 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆವರೆಗೆ ಇದ್ದವರು ಸಣ್ಣ ರೈತರು. ಸರಾಸರಿ 6 ಎಕರೆ ಅಂದ ಕೂಡಲೇ 'ಈ ಕೇರೀಲಿ ಸಣ್ಣ ರೈತರೇ ಇಲ್ಲ' ಅಂತ ಯಾರಾದರೂ ಹೇಳಿಬಿಡಬಹುದು. ನಿಜದಲ್ಲಿ 7ರಲ್ಲಿ 6 ಮನೆ ಅವರದೇ!

ಅದಕ್ಕೇ ಇನ್ನೆರಡು ಅಳತೆ ಬೇಕು.

ಒಂದು, ಮಧ್ಯಾಂಕ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ನಟ್ಟನಡುವೆ ನಿಂತದ್ದು 4ನೆಯ ಮನೆ. ಅದಕ್ಕೆ 2 ಎಕರೆ. ಇದೇ ಮಧ್ಯಾಂಕ. 30 ಎಕರೆಯವರು 100 ಎಕರೆ ಮಾಡಿಕೊಂಡರೆ ಸರಾಸರಿ 16ಕ್ಕೆ ಹಾರುತ್ತೆ. ಮಧ್ಯಾಂಕ ಮಾತ್ರ 2 ಬಿಟ್ಟು ಕದಲೋದಿಲ್ಲ.

ಎರಡು, ಬಹುಲಕ. ಹೆಚ್ಚು ಸಲ ಬಂದ ಸಂಖ್ಯೆ ಇದು. ಇಲ್ಲಿ 1 ಎಕರೆ ಮೂರು ಸಲ ಬಂದಿದೆ.

ಬಹುಲಕ ನಮಗೆ ಹೊಸದಲ್ಲ. ಕೃಷಿ ಮಾರುಕಟ್ಟೆಯ ಧಾರಣೆ ಪಟ್ಟಿ ನೋಡಿ. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತವೆ. ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಅದೇ ಮಾದರಿ ಬೆಲೆ. ಗರಿಷ್ಠ ಬೆಲೆ ಒಂದೆರಡು ಚೀಲಕ್ಕೆ ಮಾತ್ರ ಸಿಕ್ಕಿರಬಹುದು. ಅದನ್ನೇ ನಂಬಿ ಗಾಡಿ ಕಟ್ಟಬಾರದು.

ಸರಾಸರಿ ಕೆಟ್ಟದ್ದೇನಲ್ಲ. ಹಸು ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಹಾಲು ಕೊಟ್ಟರೆ ವಾರದ ಸರಾಸರಿ ನಂಬಬಹುದು. ಒಂದು ಸಂಖ್ಯೆ ತೀರಾ ದೊಡ್ಡದಿದ್ದಾಗ ಎಚ್ಚರ ಬೇಕು.

ಇನ್ನು ಮೇಲೆ ಯಾರಾದರೂ ಸರಾಸರಿ ಹೇಳಿದರೆ ನಾವು ಕೇಳೋಣ: 'ನಡುವಿನದು ಎಷ್ಟು? ಅದಕ್ಕಿಂತ ಕಡಿಮೆ ಇರೋರು ಎಷ್ಟು ಮಂದಿ?'

ನೀವೇ ಮಾಡಿ: ಐದು ಜನರ ದಿನದ ಕೂಲಿ 300, 300, 350, 400, 900 ರೂಪಾಯಿ. ಸರಾಸರಿ ಎಷ್ಟು? ಮಧ್ಯಾಂಕ ಎಷ್ಟು? ಬಹುಲಕ ಎಷ್ಟು? ಸರಾಸರಿಗಿಂತ ಕಡಿಮೆ ಪಡೆಯುವವರು ಎಷ್ಟು ಜನ?