ಆಂಗ್ಲದೇಶದ ಗ್ರಾಮಕ್ಷೇತ್ರಗಳು

 

ಸ್ಥಾವರಪೂಜೆಯನ್ನೂ ತೀರ್ಥಯಾತ್ರೆಯನ್ನೂ ಒಲ್ಲದ ಶರಣಮಾರ್ಗದವನು ಪರದೇಶದ ಯಾತ್ರಾಸ್ಥಳಗಳನ್ನು ಕುರಿತು ಮಾತನಾಡುವದೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆ ಸಂದೇಹವು ನನಗೂ ಇದ್ದಿತು. ಆದರೆ ಸಂಗತಿಯನ್ನು ಓದುತ್ತ ಹೋದಂತೆ ಅಲ್ಲಿಯ ಒಕ್ಕಲುಮಕ್ಕಳ ಭಕ್ತಿಯನ್ನು ಹಗುರವಾಗಿ ಕಾಣಲು ಮನಸ್ಸೊಪ್ಪಲಿಲ್ಲ.

ಮಧ್ಯಯುಗದ ಆಂಗ್ಲದೇಶದಲ್ಲಿ ಕ್ಯಾಂಟರ್ಬರಿ, ವಾಲ್ಸಿಂಗ್‌ಹಾಮ್ ಮೊದಲಾದ ಮಹಾಕ್ಷೇತ್ರಗಳಿಗೆ ಅರಸರಾದಿಯಾಗಿ ಸಕಲರೂ ಹೋಗುತ್ತಿದ್ದರು. ಹೊಲಮನೆ ಬಿಟ್ಟು ಬಹುದಿನ ನಡೆಯಲಾರದವರಿಗೆ ಸಮೀಪದ ಹಳ್ಳಿಯ ಗೋರಿಯೋ ಬಾವಿಯೋ ಕ್ಷೇತ್ರವಾಗಿದ್ದಿತು.

ನಾರ್ಫೋಕ್ ಪ್ರಾಂತದಲ್ಲಿ ನಾರಿಚ್ ನಗರದ ಹತ್ತಿರ ಬಾಬರೊ ಎಂಬ ಹಳ್ಳಿಯಿದೆ. ಅಲ್ಲಿಯ ಸಂತನ ಹೆಸರು ವಾಲ್‌ಸ್ಟನ್. ರಾಜಕುಲದಲ್ಲಿ ಹುಟ್ಟಿದ ಈತನು ಐಶ್ವರ್ಯವನ್ನು ತೊರೆದು, ಟಾವರ್‌ಹಾಮ್ ಗ್ರಾಮದಲ್ಲಿ ಒಬ್ಬ ರೈತನ ಮನೆಯಾಳಾಗಿ ದುಡಿದನೆಂದೂ, ತನ್ನ ಕಾಲಿನ ಪಾದರಕ್ಷೆಗಳನ್ನೂ ಬಡವರಿಗಿತ್ತನೆಂದೂ ಐತಿಹ್ಯ. 1016 ರಲ್ಲಿ ಹುಲ್ಲು ಕೊಯ್ಯುತ್ತಿರುವಾಗಲೇ ದೇಹವಿಟ್ಟನಂತೆ. ಕಳೇಬರವನ್ನು ಬಂಡಿಯಲ್ಲಿರಿಸಲು, ಎರಡು ಎತ್ತುಗಳು ತಾವಾಗಿಯೇ ಎಳೆದು ತಂದುವು. ಅವು ನಿಂತೆಡೆಯಲ್ಲಿ ನೀರೊರತೆ ಹುಟ್ಟಿತು. ಕುಡುಗೋಲು ಹಿಡಿದವನನ್ನೇ ಆ ರೈತರು ಸಂತನೆಂದು ನಂಬಿ, ದನಕರುಗಳ ಕ್ಷೇಮವನ್ನು ಆತನಲ್ಲಿ ಬೇಡಿದರು. ಕಾಯಕದ ಹೆಸರನ್ನು ಕೇಳದ ನಾಡಿನಲ್ಲಿ ಈ ಕಥೆ ಬೆಳೆದುದು ನನಗೆ ಅಚ್ಚರಿಯೂ ಸಂತೋಷವೂ ಆಗಿದೆ.

ಬಕಿಂಗ್‌ಹಾಮ್ ಪ್ರಾಂತದ ನಾರ್ತ್ ಮಾರ್ಸ್ಟನ್ನಿನ ಪಾದ್ರಿ ಜಾನ್ ಶೋರ್ನ್ ಎಂಬಾತನು 14ನೆಯ ಶತಮಾನದ ಆದಿಯಲ್ಲಿ ತೀರಿಕೊಂಡನು. ಸೈತಾನನನ್ನು ಬೂಟಿನೊಳಗೆ ಸೆರೆಹಾಕಿದನೆಂಬುದು ಆತನ ಮಹಿಮೆ! ನಗು ಬರುವದು ಸಹಜ. ಆದರೆ ಸಂಧಿವಾತದಿಂದ ಕಾಲೂರಲಾರದವನು ಆ ಬಾವಿಯ ನೀರಿಗೆ ಬಂದಾಗ ನಗುತ್ತಿರಲಿಲ್ಲ. ಪೋಪರು ಆತನನ್ನು ಸಂತನೆಂದು ವಿಧಿಪೂರ್ವಕ ಸಾರಲೇ ಇಲ್ಲ, ಜನರೇ ಸಾರಿದರು. ಕಾಣಿಕೆ ಹೆಚ್ಚಿದ ಸ್ಥಳದ ಮೇಲೆ ದೊಡ್ಡವರ ಕಣ್ಣು ಬೀಳದಿರುವದೇ? 1478 ರಲ್ಲಿ ಪೋಪರ ಅಪ್ಪಣೆ ಪಡೆದು ಅಸ್ಥಿಗಳನ್ನು ವಿಂಡ್ಸರಿನ ರಾಜಮಂದಿರಕ್ಕೆ ಒಯ್ದರು. ಹಳ್ಳಿಗೆ ಬಾವಿ ಉಳಿಯಿತು.

1538 ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯು ಯಾತ್ರೆಯನ್ನು ಖಂಡಿಸಿ, ಜನರನ್ನು ಸೆಳೆಯುವ ಮೂರ್ತಿಗಳನ್ನು ತೆಗೆಯಿಸಿತು. ಶರಣರೂ ಇಂಥ ಮೌಢ್ಯವನ್ನು ಖಂಡಿಸಿದರಲ್ಲವೇ ಎನ್ನಬಹುದು. ಖಂಡಿಸಿದರು, ಆದರೆ ಮಾತಿನಿಂದ, ತಾವು ನಡೆದು ತೋರಿಸಿ. ಇಲ್ಲಿಯಾದರೋ ಮಹಾಕ್ಷೇತ್ರಗಳ ಬಂಗಾರವು ಅರಸನ ಬೊಕ್ಕಸವನ್ನು ಸೇರಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆನು.

ಡಾರ್ಸೆಟ್ ಪ್ರಾಂತದ ವಿಟ್‌ಚರ್ಚ್ ಎಂಬ ಹಳ್ಳಿಯಲ್ಲಿ ವೈಟ್ ಎಂಬ ಸಾಧ್ವಿಯ ಗೋರಿಯು ಹೇಗೋ ಉಳಿಯಿತು. 13ನೆಯ ಶತಮಾನದ ಈ ಕಲ್ಗೋರಿಯ ಬುಡದಲ್ಲಿ ಮೂರು ದೊಡ್ಡ ಕಂಡಿಗಳಿವೆ. ರೋಗಿಗಳು ನೊಂದ ಕೈಕಾಲುಗಳನ್ನು ಅವುಗಳೊಳಗೆ ನೀಡುತ್ತಿದ್ದರು. 1900 ರಲ್ಲಿ ಗೋರಿಯು ಬಿರುಕುಬಿಟ್ಟಾಗ ಒಳಗೆ ಆಕೆಯ ಹೆಸರು ಬರೆದ ಸೀಸದ ಪೆಟ್ಟಿಗೆಯೂ, ಅದರಲ್ಲಿ ಚಿಕ್ಕ ಮೈಕಟ್ಟಿನ ಹೆಂಗಸಿನ ಎಲುಬುಗಳೂ ಸಿಕ್ಕಿದುವು. ಈಗಲೂ ಅಲ್ಲಿಗೆ ಹೋದವರು ಆ ಕಂಡಿಗಳಲ್ಲಿ ತಮ್ಮ ಪ್ರಾರ್ಥನೆಯ ಚೀಟಿಗಳನ್ನು ಇಟ್ಟುಬರುವರು.