ಗೆಲುವು ಗೊತ್ತಿಲ್ಲದಾಗ ಬರೆದ ಪುಸ್ತಕಗಳು



ಕುಡಿತದ, ಅಫೀಮಿನ ಹಿಡಿತದಿಂದ ಹೊರಬರಲು ಹೆಣಗಿದವರು ತಾವೇ ಬರೆದುಕೊಂಡ ಕಥೆಗಳ ಹಳೆಯ ಮುದ್ರಣಗಳು ಈ ಪ್ರದರ್ಶನದಲ್ಲಿವೆ. ಇವುಗಳಲ್ಲಿ ಹಲವು ಇಂದಿಗೂ ಅಗ್ಗದ ಮರುಮುದ್ರಣದಲ್ಲಿ ಸಿಗುತ್ತವೆ. ಹಾಗಿರುವಾಗ ಮೊದಲ ಮುದ್ರಣಕ್ಕಾಗಿ ಇಷ್ಟು ಅಲೆದಾಟ ಯಾಕೆ? ನ್ಯಾಯವಾದ ಪ್ರಶ್ನೆ. ನನಗೆ ಹೊಳೆದ ಉತ್ತರ ಇಷ್ಟು: ಸಾಮಾನ್ಯವಾಗಿ ಆತ್ಮಕಥೆ ಬರೆಯುವವರು ಬಾಳಿನ ಬಹುಪಾಲು ಮುಗಿಸಿ ಕೂತಿರುತ್ತಾರೆ. ಚಟ ಬಿಟ್ಟವರು ಬರೆಯುವುದು ನಡುದಾರಿಯಲ್ಲಿ. ನಾಳೆ ಕೈ ಮತ್ತೆ ಸೀಸೆಯ ಕಡೆ ಹೋದೀತೇ ಎಂಬುದು ಬರೆಯುವವರಿಗೇ ಗೊತ್ತಿರುವುದಿಲ್ಲ. ಆಮೇಲಿನ ಆವೃತ್ತಿಗಳಿಗೆ ಅದು ಗೊತ್ತಾಗಿರುತ್ತದೆ. ಮೊದಲನೆಯದಕ್ಕೆ ಗೊತ್ತಿಲ್ಲ.

ಥಾಮಸ್ ಡಿ ಕ್ವಿನ್ಸಿಯನ್ನು ನೋಡಿ. ಅಫೀಮು ಸೇವಿಸುವವನೊಬ್ಬನ ತಪ್ಪೊಪ್ಪಿಗೆಯಾಗಿ ಅವನು ಬರೆದದ್ದು 1821ರಲ್ಲಿ 'ಲಂಡನ್ ಮ್ಯಾಗಜಿನ್'ನಲ್ಲಿ ಹೆಸರಿಲ್ಲದೆ ಬಂತು, ಮರುವರ್ಷ ಪುಸ್ತಕವಾಯಿತು. ಅಫೀಮನ್ನು ಗೆದ್ದೆನೆಂಬ ಭರವಸೆ ಆ ಬರಹದಲ್ಲಿದೆ. ಆದರೆ 1859ರಲ್ಲಿ ಸಾಯುವವರೆಗೂ ಅಫೀಮು ಅವನನ್ನು ಪೂರ್ತಿ ಬಿಡಲಿಲ್ಲ. 1856ರಲ್ಲಿ ಅದೇ ಪುಸ್ತಕವನ್ನು ಅವನು ಎರಡು ಪಟ್ಟಿಗೂ ಹೆಚ್ಚು ಹಿಗ್ಗಿಸಿದ. ನನ್ನ ಮಟ್ಟಿಗೆ ಆ ತೆಳ್ಳಗಿನ ಮೊದಲ ಪುಸ್ತಕವೇ ಮೇಲು. ಅದರಲ್ಲಿ ಉಸಿರಿದೆ.

ಜಾನ್ ಬಿ. ಗಫ್ ಎಂಬಾತನನ್ನು ಇಂದು ನೆನೆಯುವವರು ಕಡಿಮೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವನು. ಕಸುಬು ಬುಕ್ ಬೈಂಡಿಂಗ್. ಕುಡಿದು ಕುಡಿದು ಕೆಲಸ ಕಳೆದುಕೊಂಡ. ಹೆಂಡತಿ, ಮಗು ತೀರಿಕೊಂಡರು. 1842ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ ಇನ್ನು ಕುಡಿಯುವುದಿಲ್ಲವೆಂದು ಸಹಿ ಹಾಕಿದ. ಮೂರು ವರ್ಷಕ್ಕೆ, ಬಾಸ್ಟನ್ನಿನಲ್ಲಿ ಆತ್ಮಕಥೆ ಹೊರಬಂತು. ಅದೇ 1845ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ದಿನ ಕಾಣೆಯಾಗಿ, ಅಮಲಿನಲ್ಲಿ ಸಿಕ್ಕಿದ! ಯಾರೋ ಪಾನೀಯದಲ್ಲಿ ಏನೋ ಬೆರೆಸಿದರೆಂದು ಅವನು ಹೇಳಿದ. ಪತ್ರಿಕೆಗಳು ಹರಿದು ತಿಂದವು. ಆದರೂ ಅವನು ವೇದಿಕೆ ಬಿಡಲಿಲ್ಲ. ಮುಂದೆ ನಲವತ್ತು ವರ್ಷ ಊರೂರು ಸುತ್ತಿ ಭಾಷಣ ಮಾಡಿದ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾತಾಡುತ್ತಿದ್ದಾಗಲೇ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಸಾವಿರಾರು ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ ತನ್ನದೇ ಬಾಳನ್ನು ಪುಸ್ತಕವಾಗಿಸಿದ್ದು ನನ್ನನ್ನು ಬಹಳ ಕಾಡುತ್ತದೆ.

ಇನ್ನು 'ಆಲ್ಕೊಹಾಲಿಕ್ಸ್ ಅನಾನಿಮಸ್'. ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ 1935ರಲ್ಲಿ ಒಹಾಯೊದ ಆ್ಯಕ್ರನ್ನಿನಲ್ಲಿ ಹುಟ್ಟುಹಾಕಿದ, ಕುಡಿತ ಬಿಡಬಯಸುವವರ ಕೂಟಕ್ಕೆ ಈ ಪುಸ್ತಕವೇ ಹೆಸರಾಯಿತು. 1939ರ ಏಪ್ರಿಲ್‌ನಲ್ಲಿ ಐದು ಸಾವಿರಕ್ಕಿಂತ ತುಸು ಕಡಿಮೆ ಪ್ರತಿ ಅಚ್ಚಾದವು. ಬೆಲೆ ಮೂರೂವರೆ ಡಾಲರ್. ಆ ಕಾಲಕ್ಕೆ ದುಬಾರಿ. ಕೊಂಡವರಿಗೆ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ ಎನಿಸಲಿ ಎಂದು ದಪ್ಪ ಕಾಗದ ಆರಿಸಿದರು. 'ಬಿಗ್ ಬುಕ್' ಎಂಬ ಹೆಸರು ಬಂದದ್ದು ಆ ಗಾತ್ರದಿಂದ. ಕೆಂಪು, ಹಳದಿ, ಕಪ್ಪು ಬಣ್ಣಗಳ ಮೇಲುಹೊದಿಕೆಯನ್ನು ರಚಿಸಿದ ಕಲಾವಿದ ರೇ ಕ್ಯಾಂಪ್‌ಬೆಲ್ ಕೂಡ ಕುಡಿತ ಬಿಟ್ಟು ಬಂದವನೇ. ಅದನ್ನು ಸಂಗ್ರಾಹಕರು 'ಸರ್ಕಸ್ ಹೊದಿಕೆ' ಎನ್ನುತ್ತಾರೆ. ಹೊದಿಕೆ ಉಳಿದ ಪ್ರತಿ ಬಲು ಅಪರೂಪ.

ಮೊದಲ ಮುದ್ರಣದಲ್ಲಿ ಇಪ್ಪತ್ತೊಂಬತ್ತು ಮಂದಿಯ ಕಥೆಗಳಿದ್ದವು. 1941ರ ಎರಡನೇ ಮುದ್ರಣದಲ್ಲಿ ಇಪ್ಪತ್ತೆಂಟು. ಕೈಬಿಟ್ಟದ್ದು ಕ್ಯಾಲಿಫೋರ್ನಿಯಾದ ಒಬ್ಬನ ಕಥೆ. ಪುಸ್ತಕದ ಕರಡು ಪ್ರತಿಯನ್ನು ಓದಿಯೇ, ಯಾರ ಜೊತೆಯೂ ಇಲ್ಲದೆ ಕುಡಿತ ಬಿಟ್ಟವನು. ಅವನು ಮತ್ತೆ ಕುಡಿದನೆಂದು ಕೂಟದ ಹಳಬರು ಹೇಳುತ್ತಿದ್ದರು. 1955ರ ಎರಡನೇ ಆವೃತ್ತಿಗೆ ಬರುವ ಹೊತ್ತಿಗೆ ಮೊದಲಿನ ಬಹುಪಾಲು ಕಥೆಗಳು ಹೋಗಿ ಹೊಸಬರು ಬಂದರು. ಹೊಸ ಓದುಗರ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಆ ಒಂಟಿ ಮನುಷ್ಯ ಒಂದಷ್ಟು ಕಾಲ ಕುಡಿಯದೆ ಇದ್ದದ್ದು ಸುಳ್ಳಲ್ಲ. ಅದನ್ನು ಉಳಿಸಿಕೊಂಡಿರುವುದು ಈ ದಪ್ಪ ಕಾಗದದ ಕೆಂಪು ರಟ್ಟಿನ ಪುಸ್ತಕ. ಎಡವಿದವರನ್ನೂ ಹೊರಗಿಡದ ಸಂಗ್ರಹ ಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇದೇ ಪುಸ್ತಕದ ತಿದ್ದುಪಡಿಗಳಿದ್ದ ಕರಡು 2004ರ ಹರಾಜಿನಲ್ಲಿ ಹದಿನೈದು ಲಕ್ಷ ಡಾಲರ್ ದಾಟಿತು. 2018ರಲ್ಲಿ ಇಪ್ಪತ್ತನಾಲ್ಕು ಲಕ್ಷ. ಬೆಲೆ ಏರುತ್ತಿದ್ದಂತೆ ಮಾರುಕಟ್ಟೆ ಕೇಳುವುದು ಕಲೆಯಿಲ್ಲದ, ಯಾರೂ ಮುಟ್ಟದಂತಿರುವ ಪ್ರತಿಯನ್ನು. ಸಂಗ್ರಾಹಕರಲ್ಲಿ ನನ್ನ ಬೇಡಿಕೆ ಬೇರೆ. ಗೆರೆ ಎಳೆದ, ಅಂಚಿನಲ್ಲಿ ತಾರೀಕು ಬರೆದ, ಬೆನ್ನು ಬಿರಿದ ಪ್ರತಿಗಳನ್ನು ದಯವಿಟ್ಟು ಬಿಡಬೇಡಿ. ಅವು ಯಾರದೋ ಕಷ್ಟದ ದಿನಗಳಲ್ಲಿ ಕೆಲಸಕ್ಕೆ ಬಂದ ಪುಸ್ತಕಗಳು. ಅವನ್ನು ಪ್ರದರ್ಶಿಸುವಾಗ ಹಳೆಯ ಒಡೆಯರ ಹೆಸರಿರುವ ಪುಟ ಮುಚ್ಚಿರಲಿ. ಹೆಸರು ಹೇಳದೆ ಬದುಕು ಹಂಚಿಕೊಂಡವರಿಗೆ ಕೊಟ್ಟ ಮಾತು ಅವರ ಪುಸ್ತಕಗಳಿಗೂ ಸಲ್ಲಬೇಕು. ಈ ಪ್ರದರ್ಶನದಲ್ಲಿ ಹಾಗೆಯೇ ಮಾಡಿದ್ದಾರೆ. ಅದಕ್ಕಾಗಿ ಸಂಘಟಕರಿಗೆ ನನ್ನ ನಮಸ್ಕಾರ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಒಳಗೆ ಹೋದವರು ಮೊದಲು ಗಫ್‌ನ ಪುಸ್ತಕ ನೋಡಿ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.