ಬಾಲ್ಕನಿಯ ಹಕ್ಕಿಗಳಿಗೆ ದೆಹಲಿಯ ಚಳಿ



ದೀಪಾವಳಿ ಕಳೆದು ನವೆಂಬರ್ ಅರ್ಧವಾಗುವಷ್ಟರಲ್ಲಿ ದೆಹಲಿಯಲ್ಲಿರುವ ನಾವೆಲ್ಲ ಒಂದು ಕೆಲಸ ಮಾಡುತ್ತೇವೆ. ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಸ್ವೆಟರು, ಶಾಲು, ರಜಾಯಿಗಳನ್ನು ಬಾಲ್ಕನಿಯ ಬಿಸಿಲಿಗೆ ಹಾಕುತ್ತೇವೆ. ಅದೇ ಬಾಲ್ಕನಿಯಲ್ಲಿ ಪಂಜರದ ಹಕ್ಕಿಗಳೂ ಇದ್ದರೆ, ಅವುಗಳ ಚಳಿಗಾಲಕ್ಕೂ ಅದೇ ದಿನ ತಯಾರಿ ಶುರುವಾಗಬೇಕು. ಡಿಸೆಂಬರ್ ಕೊನೆಗೆ ಮಂಜು ಕವಿದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ಮಕ್ಕಳ ಹಟಕ್ಕೋ, ಮನೆಯಲ್ಲಿ ಒಂದಿಷ್ಟು ಕಲರವ ಇರಲೆಂದೋ ಹಕ್ಕಿ ತಂದವರು ನಮ್ಮಲ್ಲಿ ಬಹಳ ಮಂದಿ. ಊರಿನಲ್ಲಿ ಹಕ್ಕಿ ಸಾಕಿದ ಅನುಭವವೂ ಕೆಲವರಿಗಿದೆ. ಆದರೆ ಬೆಂಗಳೂರು, ಮೈಸೂರಿನ ಅನುಭವವನ್ನು ಇಲ್ಲಿಗೆ ಹಾಗೇ ತಂದರೆ ಸಾಲದು. ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 2021ರ ಜನವರಿ 1ರಂದು ದಾಖಲಾದ ಕನಿಷ್ಠ ಉಷ್ಣಾಂಶ 1.1 ಡಿಗ್ರಿ ಸೆಲ್ಸಿಯಸ್. 2023ರ ಜನವರಿ 16ರಂದು 1.4 ಡಿಗ್ರಿ. ಅಂಥ ರಾತ್ರಿಯನ್ನು ಮೂವತ್ತು, ನಲವತ್ತು ಗ್ರಾಂ ತೂಕದ ಹಕ್ಕಿಯೊಂದು ಕಬ್ಬಿಣದ ಸರಳುಗಳ ನಡುವೆ ಕೂತು ಕಳೆಯಬೇಕು. ಕಾಡಿನ ಹಕ್ಕಿಯಾದರೆ ಪೊದೆ, ಪೊಟರೆ ಹುಡುಕಿಕೊಂಡೀತು. ಪಂಜರದ ಹಕ್ಕಿ ನಾವು ಇಟ್ಟಲ್ಲೇ ಇರಬೇಕು. ಹಾಗಾಗಿ ಜಾಗ ಆರಿಸುವ ಹೊಣೆ ನಮ್ಮದು.

ಮೊದಲು ಯಾವ ಹಕ್ಕಿ ಎಂಬುದನ್ನು ತಿಳಿಯೋಣ. ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಕೊಡುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿಗಳು ಬಹುಪಾಲು ಬಡ್ಜರಿಗಾರ್‌ಗಳು, ಅಂದರೆ ಬಡ್ಜಿಗಳು. ಅವುಗಳ ಮೂಲ ಆಸ್ಟ್ರೇಲಿಯಾದ ಒಳನಾಡು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲ, ದಪ್ಪ ಕೊಕ್ಕು. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಮತ್ತು ಕಿತ್ತಳೆ ಕೊಕ್ಕಿನ ಜೀಬ್ರಾ ಫಿಂಚ್ ಕೂಡ ಆಸ್ಟ್ರೇಲಿಯಾದ ಕಡೆಯವೇ. ನಮ್ಮ ದೇಶದ ಗಿಳಿ, ಮೈನಾ, ಮುನಿಯಾ ಎಂದು ಇಲ್ಲಿ ಮಾರುವ ರಾಟವಾಳ, ಇವುಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ರಸ್ತೆ ಬದಿಯಲ್ಲಿ ಯಾರೋ ಅಗ್ಗಕ್ಕೆ ಕೊಟ್ಟರೆಂದು ತರಬೇಡಿ. ಸನ್ ಕನ್ಯೂರ್, ಆಫ್ರಿಕನ್ ಗ್ರೇ, ಮಕಾವ್‌ಗಳಂಥ ವಿದೇಶಿ ಹಕ್ಕಿಗಳನ್ನು ಸಾಕುವವರು, 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಬಡ್ಜಿ, ಕಾಕಟೀಲ್‌ಗಳಿಗೆ ಈ ನೋಂದಣಿ ಬೇಕಿಲ್ಲ.

ಇನ್ನು ಚಳಿಯ ವಿಚಾರ. ಜನವರಿಯಲ್ಲಿ ಹಕ್ಕಿ ಸತ್ತರೆ “ಚಳಿಗೆ ಹೋಯಿತು” ಎಂದುಬಿಡುತ್ತೇವೆ. ಆದರೆ ಇಂಗ್ಲೆಂಡಿನಂಥ ದೇಶದಲ್ಲಿ ಬಡ್ಜಿಗಳನ್ನು ಹಿತ್ತಿಲಿನ ದೊಡ್ಡ ಪಂಜರಗಳಲ್ಲಿ ವರ್ಷವಿಡೀ ಸಾಕುತ್ತಾರೆ. ಅಲ್ಲಿ ಹಿಮ ಬೀಳುವಾಗಲೂ ಅವು ಬದುಕುತ್ತವೆ. ಹಾಗಾದರೆ ಇಲ್ಲಿ ಏಕೆ ಸಾಯುತ್ತವೆ? ಚಳಿಯ ಜೊತೆಗೆ ಬೇರೆ ನಾಲ್ಕು ಶತ್ರುಗಳು ಸೇರಿಕೊಳ್ಳುತ್ತವೆ. ಅವು ಗಾಳಿ, ತೇವ, ಹಸಿವು ಮತ್ತು ಹೊಗೆ. ಒಂದೊಂದಾಗಿ ನೋಡೋಣ.

ಹಕ್ಕಿಯ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 40ರಿಂದ 42 ಡಿಗ್ರಿ. ಅದು ಪುಕ್ಕಗಳನ್ನು ಉಬ್ಬಿಸಿ, ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಆ ಬಿಸಿಯನ್ನು ಕಾಪಾಡಿಕೊಳ್ಳುತ್ತದೆ. ನಮ್ಮ ರಜಾಯಿಯೊಳಗಿನ ಹತ್ತಿ ಮಾಡುವ ಕೆಲಸವೂ ಇದೇ. ಪಂಜರದ ಮೂಲಕ ಗಾಳಿ ಬೀಸಿದರೆ ಪುಕ್ಕ ಕೆದರಿ ಆ ಬಿಸಿಗಾಳಿ ಹಾರಿಹೋಗುತ್ತದೆ. ದೆಹಲಿಯಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ ಬರುತ್ತದೆ. ಆದ್ದರಿಂದ ಪಂಜರವನ್ನು ದಕ್ಷಿಣಕ್ಕೆ ತೆರೆದ, ಹಗಲು ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಗೋಡೆಗೆ ಒತ್ತಿಕೊಂಡಂತೆ ಇಡಿ. ನೆಲದ ಮೇಲೆ ಇಡಬೇಡಿ. ಎದೆಯ ಎತ್ತರಕ್ಕೆ ಸ್ಟೂಲೋ, ಮೊಳೆಯೋ ನೋಡಿ. ಮೇಲುಭಾಗ, ಹಿಂಭಾಗ ಮತ್ತು ಎರಡು ಪಕ್ಕಗಳಿಗೆ ಗೋಣಿತಾಟು ಅಥವಾ ಹಳೆಯ ಕಂಬಳಿ ಕಟ್ಟಿ. ಮುಂಭಾಗವನ್ನು ಹಗಲು ತೆರೆದಿಡಿ, ರಾತ್ರಿ ಅಲ್ಲಿಯೂ ಬಟ್ಟೆ ಇಳಿಬಿಟ್ಟು, ಉಸಿರಾಡಲು ಒಂದು ಗೇಣು ಬಿಡಿ. ಬಟ್ಟೆಯ ಎಳೆಗಳು ಕಾಲಿಗೆ ಸುತ್ತಿಕೊಳ್ಳದಂತೆ, ಕೊಕ್ಕಿಗೆ ಸಿಗದಂತೆ ಕಟ್ಟಬೇಕು.

ಎರಡನೆಯದು ತೇವ. ಗಾಳಿ ತಡೆಯಲೆಂದು ಕೆಲವರು ಪಂಜರಕ್ಕೆ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಸುತ್ತಿಬಿಡುತ್ತಾರೆ. ಹಕ್ಕಿಯ ಉಸಿರು, ಹಿಕ್ಕೆಯ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಬೆಳಿಗ್ಗೆ ಆ ಹಾಳೆಯ ಒಳಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ತೊಯ್ದ ಪುಕ್ಕ ಬಿಸಿ ಹಿಡಿಯುವುದಿಲ್ಲ. ತೇವದ ಕಾಳು, ಹಿಕ್ಕೆಯಲ್ಲಿ ಬೂಷ್ಟು ಬೆಳೆದು ಅದು ಹಕ್ಕಿಯ ಶ್ವಾಸಕ್ಕೆ ಹೋದರೆ ಗುಣವಾಗುವುದು ಬಹಳ ಕಷ್ಟ. ಪಂಜರದ ತಟ್ಟೆಗೆ ಹಾಕಿದ ಕಾಗದವನ್ನು ದಿನವೂ ಬದಲಿಸಿ. ಸ್ನಾನದ ಬಟ್ಟಲನ್ನು ವಾರಕ್ಕೊಂದೆರಡು ಸಲ, ಒಳ್ಳೆಯ ಬಿಸಿಲಿರುವ ಮಧ್ಯಾಹ್ನ ಮಾತ್ರ ಇಡಿ. ಸಂಜೆಯೊಳಗೆ ಪುಕ್ಕ ಪೂರ್ತಿ ಒಣಗಿರಬೇಕು.

ಕೂರುವ ಕೋಲಿನ ಬಗ್ಗೆಯೂ ಒಂದು ಮಾತು. ಪಂಜರದ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿ, ಕಬ್ಬಿಣದ ಸರಳು ಬೇಡ. ಬೇವಿನದೋ, ಸೀಬೆಯದೋ ಕೊಂಬೆ ಕತ್ತರಿಸಿ, ತೊಳೆದು ಒಣಗಿಸಿ ಹಾಕಿ. ಕೊಂಬೆ ಸಾಕಷ್ಟು ದಪ್ಪವಿದ್ದರೆ ಹಕ್ಕಿ ಕೂತಾಗ ಬೆರಳುಗಳು ಹೊಟ್ಟೆಯ ಪುಕ್ಕದಡಿ ಬೆಚ್ಚಗೆ ಮುಚ್ಚಿಕೊಳ್ಳುತ್ತವೆ.

ಮೂರನೆಯ ಶತ್ರು ಹಸಿವು. ಇದು ನಮ್ಮ ಗಮನಕ್ಕೇ ಬರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಸುಮಾರು 11 ಗಂಟೆ 20 ನಿಮಿಷ. ದೆಹಲಿಯ ಹಗಲು ಸುಮಾರು 10 ಗಂಟೆ 20 ನಿಮಿಷ ಮಾತ್ರ. ಎಂದರೆ ಇಲ್ಲಿನ ರಾತ್ರಿ ಊರಿನ ರಾತ್ರಿಗಿಂತ ಒಂದು ಗಂಟೆ ಉದ್ದ. ಕತ್ತಲಲ್ಲಿ ಈ ಹಕ್ಕಿಗಳು ತಿನ್ನುವುದಿಲ್ಲ. ಸಂಜೆ ತಿಂದದ್ದನ್ನೇ ಉರಿಸಿಕೊಂಡು ಹದಿಮೂರು, ಹದಿನಾಲ್ಕು ಗಂಟೆ ಮೈ ಬೆಚ್ಚಗಿಟ್ಟುಕೊಳ್ಳಬೇಕು. ದೇಹ ಚಿಕ್ಕದಾದಷ್ಟೂ ಬಿಸಿ ಬೇಗ ಕಳೆದುಹೋಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಬಂಡವಾಳ ಮುಗಿದಿರುತ್ತದೆ, ಚಳಿಯೂ ಆಗಲೇ ಹೆಚ್ಚು. ಆದ್ದರಿಂದ ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಬಟ್ಟಲಿನ ತುಂಬ ಹೊಸ ಕಾಳು ಇರಲೇಬೇಕು. ಸಂಜೆ ಒಂದು ಗಂಟೆ ಬಾಲ್ಕನಿಯ ದೀಪ ಹಚ್ಚಿಟ್ಟರೆ ಇನ್ನಷ್ಟು ತಿನ್ನುತ್ತವೆ. ಆದರೆ ದೀಪವನ್ನು ತಟ್ಟನೆ ಆರಿಸಬೇಡಿ. ಒಳಗಿನ ದೀಪದ ಮಂದ ಬೆಳಕಿನಲ್ಲಿ ಅವು ಕೋಲಿನ ಮೇಲೆ ಹೋಗಿ ಕೂರುವಷ್ಟು ಸಮಯ ಕೊಡಿ.

ಇನ್ನೊಂದು ಸಂಗತಿ ಹೊಸಬರು ತಿಳಿದಿರಬೇಕು. ಬಡ್ಜಿ ಕಾಳನ್ನು ಸುಲಿದು, ಹೊಟ್ಟನ್ನು ಅದೇ ಬಟ್ಟಲಿಗೆ ಬೀಳಿಸುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ, ಕೆಳಗೆ ಒಂದು ಕಾಳೂ ಇರುವುದಿಲ್ಲ. ದಿನಕ್ಕೆ ಎರಡು ಸಲ ಬಾಲ್ಕನಿಯ ಹೊರಗೆ ಹಿಡಿದು ಹೊಟ್ಟು ಊದಿ ನೋಡಿ.

ಏನು ಕೊಡಬೇಕು? ನಮ್ಮ ನವಣೆ ಇಲ್ಲಿಯ ಅಂಗಡಿಯಲ್ಲಿ ಕಂಗನಿ, ನಮ್ಮ ಸಜ್ಜೆ ಇಲ್ಲಿ ಬಾಜ್ರಾ. ಇವೆರಡೂ, ಜೊತೆಗೆ ಬರಗು ಮುಖ್ಯ ಆಹಾರ. ಚಳಿಗಾಲದಲ್ಲಿ ಸ್ವಲ್ಪ ಸೂರ್ಯಕಾಂತಿ ಬೀಜ ಸೇರಿಸಬಹುದು, ಎಣ್ಣೆಯಂಶದಿಂದ ಶಕ್ತಿ ಬರುತ್ತದೆ. ಅದನ್ನೇ ಹೊಟ್ಟೆ ತುಂಬ ಕೊಟ್ಟರೆ ಕೊಬ್ಬು ಸೇರಿ ಯಕೃತ್ತು ಕೆಡುತ್ತದೆ. ಮೊಳಕೆ ಬಂದ ಹೆಸರುಕಾಳು, ಬೆಂದ ಮೊಟ್ಟೆಯ ಚೂರು, ಈ ಕಾಲದಲ್ಲಿ ಇಲ್ಲಿ ಧಾರಾಳವಾಗಿ ಸಿಗುವ ಮೆಂತ್ಯ ಸೊಪ್ಪು, ಕೊತ್ತಂಬರಿ, ಕ್ಯಾರೆಟ್ ತುರಿ, ಎಲ್ಲವೂ ಒಳ್ಳೆಯದೇ. ಸೊಪ್ಪನ್ನು ಚೆನ್ನಾಗಿ ತೊಳೆದು, ನೀರು ಒರೆಸಿ, ಬೆಳಗಿನ ಹೊತ್ತು ಕೊಡಿ. ಸಂಜೆಗೆ ಉಳಿದದ್ದನ್ನು ತೆಗೆದುಬಿಡಿ. ನೀರನ್ನು ಬೆಳಿಗ್ಗೆ ಉಗುರುಬೆಚ್ಚಗೆ ಮಾಡಿ ಹಾಕಿ. ಚಳಿಗೆ ಒಳ್ಳೆಯದೆಂದು ಬ್ರಾಂಡಿ ಹನಿ ಹಾಕುವ ಪದ್ಧತಿ ಕೆಲವರಲ್ಲಿದೆ, ಅದು ಹಕ್ಕಿಗೆ ವಿಷ. ಚಾಕೊಲೇಟ್, ಬೆಣ್ಣೆಹಣ್ಣು, ಉಪ್ಪಿನ ತಿಂಡಿಗಳೂ ಬೇಡ.

ನಾಲ್ಕನೆಯ ಶತ್ರು ಹೊಗೆ. ತೀರಾ ಚಳಿಯಿರುವ ರಾತ್ರಿ ಪಂಜರವನ್ನು ಮನೆಯೊಳಗೆ ತರುತ್ತೇವೆ. ಒಳಗೆ ಅಗ್ಗಿಷ್ಟಿಕೆ, ಇಲ್ಲಿಯವರ ಮಾತಿನಲ್ಲಿ ಅಂಗೀಠಿ, ಉರಿಯುತ್ತಿದ್ದರೆ ಹೊರಗಿನ ಚಳಿಗಿಂತ ಅದೇ ಅಪಾಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಮನುಷ್ಯರನ್ನೇ ನಿದ್ರೆಯಲ್ಲಿ ಕೊಲ್ಲುತ್ತದೆ. ಹಕ್ಕಿಯ ಶ್ವಾಸಕೋಶ ಗಾಳಿಯನ್ನು ಹೀರುವುದರಲ್ಲಿ ನಮ್ಮದಕ್ಕಿಂತ ಚುರುಕು, ಹಾಗಾಗಿ ವಿಷವನ್ನೂ ಬೇಗ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಈ ಕಾರಣಕ್ಕೇ. ಹಕ್ಕಿ ತೂಕಡಿಸಿ ಬಿದ್ದರೆ ಗಣಿಗಾರರು ಹೊರಗೋಡಬೇಕೆಂದು ಅರ್ಥ. ಅಡುಗೆಮನೆಯ ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿಯಾಗಿ ಒಲೆಯ ಮೇಲೆ ಮರೆತರೆ ಬರುವ ಆವಿಯೂ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿ, ಅಗರಬತ್ತಿ, ಧೂಪ, ನುಸಿಗುಳಿಗೆ ಹಾಕಿದ ಬಟ್ಟೆಯ ಬೀರು, ಇವುಗಳಿಂದಲೂ ಪಂಜರ ದೂರವಿರಲಿ. ಹೊರಗಿನ ಗಾಳಿಯೇ ತೀವ್ರ ಮಲಿನ ಎಂದು ಪ್ರಕಟಣೆ ಬಂದ ದಿನಗಳಲ್ಲಿ ಮನೆಯ ವೃದ್ಧರಂತೆ ಮಕ್ಕಳಂತೆ ಹಕ್ಕಿಗಳೂ ಒಳಗಿರುವುದು ಕ್ಷೇಮ.

ಹಾಗಾದರೆ ಯಾವಾಗ ಹೊರಗೆ, ಯಾವಾಗ ಒಳಗೆ? ಬೇಸಿಗೆಯಿಂದಲೂ ಹೊರಗೇ ಇದ್ದ ಆರೋಗ್ಯವಂತ ಬಡ್ಜಿ ಕ್ರಮೇಣ ಚಳಿಗೆ ಒಗ್ಗಿಕೊಳ್ಳುತ್ತದೆ. ಅಂಗಡಿಯ ಬೆಚ್ಚಗಿನ ಮೂಲೆಯಿಂದ ಡಿಸೆಂಬರ್‌ನಲ್ಲಿ ತಂದ ಹಕ್ಕಿಯನ್ನು ಅದೇ ರಾತ್ರಿ ಬಾಲ್ಕನಿಯಲ್ಲಿಟ್ಟರೆ ತಡೆಯಲಾರದು. ಹೊಸ ಹಕ್ಕಿ ತರುವುದಿದ್ದರೆ ಫೆಬ್ರವರಿ ಕಳೆಯಲಿ. ಪಂಜರದ ಬಳಿ ಒಂದು ಸಣ್ಣ ಉಷ್ಣಮಾಪಕ ತೂಗುಹಾಕಿ. ರಾತ್ರಿ 8, 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಸಂಜೆ ಒಳಗೆ ತರುವುದು ಕ್ಷೇಮ. ಫಿಂಚ್, ಮರಿ, ಮುದಿ ಹಕ್ಕಿಗಳಿಗೆ ಅದಕ್ಕೂ ಮೊದಲೇ ಈ ವ್ಯವಸ್ಥೆ ಬೇಕು. ಒಳಗೆ ಹೀಟರಿಲ್ಲದ ಕೋಣೆಯೇ ಸಾಕು. ಇಪ್ಪತ್ತೈದು ಡಿಗ್ರಿಯ ಕೋಣೆಯಿಂದ ಬೆಳಿಗ್ಗೆ ಐದು ಡಿಗ್ರಿಯ ಬಾಲ್ಕನಿಗೆ, ಮತ್ತೆ ಸಂಜೆ ಒಳಗೆ, ಹೀಗೆ ಓಡಾಡಿಸುವುದು ಒಳ್ಳೆಯದಲ್ಲ. ಮಂಜು ಕರಗಿ ಬಿಸಿಲು ಬಂದ ಮೇಲೆ ಹೊರಗಿಡಿ. ಆ ಬಿಸಿಲು ನೇರವಾಗಿ ಬೀಳಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಡಿ ಜೀವಸತ್ವ ದೊರೆಯುವುದಿಲ್ಲ.

ಪಂಜರವನ್ನು ಒಳಗೆ ತರಲು ಆಗದವರು ಬಲ್ಬಿನ ಬಿಸಿ ಕೊಡಬಹುದು. ಬಲ್ಬು ಪಂಜರದ ಹೊರಗೆ, ಜಾಲರಿಯ ಹಿಂದೆ, ಬಟ್ಟೆಗೆ ತಾಗದಂತೆ ಇರಲಿ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇದ್ದರೆ ಹಕ್ಕಿ ತನಗೆ ಬೇಕಾದ ಜಾಗ ಆರಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ಬೆಳಕು ಬಿದ್ದರೆ ನಿದ್ರೆ ಕೆಡುತ್ತದೆ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಬಲ್ಬುಗಳು ಇದಕ್ಕಾಗಿಯೇ ಸಿಗುತ್ತವೆ. ಬಡ್ಜಿಗಳ ಮೊಟ್ಟೆಯ ಮಡಕೆಯನ್ನು ನವೆಂಬರ್‌ನಲ್ಲೇ ತೆಗೆದಿಡಿ. ಕಡುಚಳಿಯಲ್ಲಿ ಮೊಟ್ಟೆ ಹೊರಬಾರದೆ ಸಿಕ್ಕಿಕೊಂಡು ಹೆಣ್ಣು ಹಕ್ಕಿ ಸಾಯುವುದುಂಟು.

ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ರಾತ್ರಿ ಪುಕ್ಕ ಉಬ್ಬಿಸಿ, ಒಂದು ಕಾಲು ಮಡಚಿ ಮಲಗಿದರೆ ಅದು ಸಹಜ. ಹಗಲು ಬಿಸಿಲಲ್ಲೂ ಉಬ್ಬಿಕೊಂಡು, ಎರಡೂ ಕಾಲೂರಿ ತೂಕಡಿಸುತ್ತಿದ್ದರೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಪಂಜರದ ತಳದಲ್ಲಿ ಕೂತರೆ, ಆ ದಿನವೇ ವೈದ್ಯರ ಬಳಿ ಒಯ್ಯಿರಿ. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ತೂಕ ಹೇಳಿಬಿಡುತ್ತದೆ. ವೈದ್ಯರು ಸಿಗುವವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ, ಸುಮಾರು 30 ಡಿಗ್ರಿ ಬೆಚ್ಚಗೆ ಇಡಿ. ಬಾಯಿಗೆ ನೀರು ಸುರಿಯಬೇಡಿ. ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರಿನ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗೇ ಒಂದು ಧರ್ಮಾಸ್ಪತ್ರೆ ಬಹಳ ಕಾಲದಿಂದ ನಡೆಯುತ್ತಿದೆ. ಹಕ್ಕಿಗಳ ಚಿಕಿತ್ಸೆ ಬಲ್ಲ ಹತ್ತಿರದ ವೈದ್ಯರ ಫೋನ್ ನಂಬರನ್ನು ಈಗಲೇ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಪಂಜರಕ್ಕೆ ಗಟ್ಟಿಯಾದ ಸೂರು ಅಗತ್ಯ. ಬೆಕ್ಕು, ಇಲಿ, ಕೋತಿಗಳ ಕಾಟವಲ್ಲದೆ, ಕಾಗೆ ಪಾರಿವಾಳಗಳ ಹಿಕ್ಕೆಯೂ ಒಳಗೆ ಬೀಳಬಾರದು. 2021ರ ಜನವರಿಯಲ್ಲಿ ದೆಹಲಿಯ ಕಾಗೆ, ಬಾತುಗಳಲ್ಲಿ ಹಕ್ಕಿಜ್ವರ ಕಂಡುಬಂದದ್ದು ನಿಮಗೆ ನೆನಪಿರಬಹುದು. ಒಣ ಹಿಕ್ಕೆಯ ಧೂಳು ನಮಗೂ ಒಳ್ಳೆಯದಲ್ಲ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅವರು ಮಲಗುವ ಕೋಣೆಯಲ್ಲಿ ಪಂಜರ ಇಡಬೇಡಿ. ತಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಿರಿ.

ಕೊನೆಯದಾಗಿ ಒಂದು ಮಾತು. ವರ್ಗವಾಯಿತೆಂದೋ, ನೋಡಿಕೊಳ್ಳಲು ಆಗುವುದಿಲ್ಲವೆಂದೋ, ಪುಣ್ಯ ಬರಲೆಂದೋ ಪಂಜರದ ಬಾಗಿಲು ತೆರೆದು ಬಡ್ಜಿಯನ್ನು ಹಾರಿಬಿಡುವವರಿದ್ದಾರೆ. ಪಂಜರದಲ್ಲೇ ಹುಟ್ಟಿದ ಆ ಹಕ್ಕಿಗೆ ಮೇವು ಹುಡುಕಲು ಬಾರದು, ಹದ್ದು ಕಾಗೆಗಳಿಂದ ತಪ್ಪಿಸಿಕೊಳ್ಳಲು ಬಾರದು. ಜನವರಿಯ ಒಂದು ರಾತ್ರಿಯೂ ಅದಕ್ಕೆ ದಾಟುವುದು ಕಷ್ಟ. ಸಾಕಲು ಆಗದಿದ್ದರೆ ಸಾಕಬಲ್ಲ ಇನ್ನೊಂದು ಮನೆಗೆ ಕೊಡಿ. ಇನ್ನೂ ತಂದಿಲ್ಲದವರು, ಈ ಚಳಿಗಾಲದ ಎರಡು ತಿಂಗಳು ದಿನವೂ ಬೆಳಿಗ್ಗೆ ಸಂಜೆ ಅರ್ಧ ಗಂಟೆ ಬಿಡುವಾಗುತ್ತದೆಯೇ ಎಂದು ಮನೆಯವರೆಲ್ಲ ಕೂತು ಮಾತಾಡಿ. ಆಗುವುದಿಲ್ಲ ಎಂದಾದರೆ ಬಾಲ್ಕನಿಯ ಗೋಡೆಯ ಮೇಲೆ ಒಂದು ಬಟ್ಟಲು ನೀರು, ಒಂದು ಹಿಡಿ ಕಾಳು ಇಡಿ. ಗುಬ್ಬಿ, ಪಿಕಳಾರಗಳು ತಾವಾಗಿಯೇ ಬರುತ್ತವೆ, ಮಕ್ಕಳೂ ನೋಡಿ ಖುಷಿಪಡುತ್ತಾರೆ. ತಂದವರು ಮಾತ್ರ ಇಂದು ಸಂಜೆಯೇ ಬಾಲ್ಕನಿಗೆ ಹೋಗಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಬಟ್ಟಲಿನಲ್ಲಿರುವುದು ಕಾಳೋ ಹೊಟ್ಟೋ, ಒಮ್ಮೆ ನೋಡಿಬನ್ನಿ.